ಯೂನಿಟ್ ಇಲ್ಲದ ಒಂದು ಸಂಖ್ಯೆ: ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಪ್ರಕರಣ

1999ರ ಸೆಪ್ಟೆಂಬರ್ 23. ಭಾರತದಲ್ಲಿ ಮಧ್ಯಾಹ್ನ ಎರಡೂವರೆ, ಅಮೆರಿಕದ ಪಸಡೀನಾದಲ್ಲಿ ರಾತ್ರಿ ಎರಡು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಕಕ್ಷೆಗೆ ಸೇರಲು ತನ್ನ ಮುಖ್ಯ ಎಂಜಿನ್ ಹೊತ್ತಿಸಿತು. ನಾಲ್ಕು ನಿಮಿಷವಾದ ಮೇಲೆ ಸಿಗ್ನಲ್ ನಿಂತಿತು. ಸಿಗ್ನಲ್ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ನೌಕೆ ಮಂಗಳನ ಹಿಂಬದಿಗೆ ಹೋಗುವುದಿತ್ತು. ಆದರೆ ಲೆಕ್ಕ ಹಾಕಿದ್ದಕ್ಕಿಂತ 49 ಸೆಕೆಂಡ್ ಮೊದಲೇ ನಿಂತಿತು. ಸುಮಾರು 20 ನಿಮಿಷದ ನಂತರ ಮತ್ತೆ ಸಿಗಬೇಕಾಗಿದ್ದ ಸಿಗ್ನಲ್ ಸಿಗಲೇ ಇಲ್ಲ.

ಕಾರಣ ಬಹಳ ಜನರಿಗೆ ಗೊತ್ತು. ಬಲದ ಲೆಕ್ಕವನ್ನು ಒಂದು ಕಡೆಯವರು ಪೌಂಡ್‌ನಲ್ಲಿ ಕೊಟ್ಟರು, ಇನ್ನೊಂದು ಕಡೆಯವರು ನ್ಯೂಟನ್ ಅಂದುಕೊಂಡರು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೇಷ್ಟ್ರು ಇದನ್ನು ಜೋಕ್ ಥರ ಹೇಳಿ ಮುಂದೆ ಹೋಗುತ್ತಾರೆ. ಹಾಗೆ ಒಂದೇ ಸಾಲಿನಲ್ಲಿ ಮುಗಿಸಿದರೆ ಪ್ರೋಗ್ರಾಂ ಬರೆಯುವವರಿಗೆ ಇದರಿಂದ ಸಿಗುವುದು ಏನೂ ಇಲ್ಲ. "ಹುಷಾರಾಗಿರಿ" ಅನ್ನುವ ಬುದ್ಧಿಮಾತು ಬಿಟ್ಟರೆ. ಆ ಎರಡು ಕಡೆಯವರೂ ಹುಷಾರಾದ ಜನರೇ ಆಗಿದ್ದರು. ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಆ ಸಂಖ್ಯೆಯ ಯೂನಿಟ್ ಏನು ಅನ್ನುವುದು ಎಲ್ಲಿ ಬರೆದಿತ್ತು? ಸಂಖ್ಯೆಯ ಜೊತೆಯಲ್ಲಿತ್ತಾ, ಅಥವಾ ಬೇರೆಲ್ಲೋ ಇತ್ತಾ?

ಸಣ್ಣ ಸಣ್ಣ ತಳ್ಳಾಟ

ನೌಕೆ 1998ರ ಡಿಸೆಂಬರ್ 11ರಂದು ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ಡೆಲ್ಟಾ-2 ರಾಕೆಟ್ ಏರಿ ಹೊರಟಿತ್ತು. ಅದನ್ನು ಕಟ್ಟಿದ್ದು ಡೆನ್ವರ್‌ನ ಲಾಕ್‌ಹೀಡ್ ಮಾರ್ಟಿನ್ ಆಸ್ಟ್ರೋನಾಟಿಕ್ಸ್. ಹಾದಿಯ ಲೆಕ್ಕ ನೋಡಿಕೊಳ್ಳುತ್ತಿದ್ದದ್ದು ಪಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ಅಂದರೆ ಜೆಪಿಎಲ್. ಒಂಬತ್ತು ತಿಂಗಳ ಪ್ರಯಾಣ.

ಈ ನೌಕೆಗೆ ಸೋಲಾರ್ ಪ್ಯಾನೆಲ್ ಇದ್ದದ್ದು ಒಂದೇ ಬದಿಗೆ. ಬಿಸಿಲಿಗೂ ಒಂದು ಒತ್ತಡ ಇರುತ್ತದೆ, ತೀರಾ ಸಣ್ಣದು. ಪ್ಯಾನೆಲ್ ಎರಡೂ ಬದಿಗೆ ಸಮವಾಗಿದ್ದರೆ ಆ ಒತ್ತಡ ನೌಕೆಯನ್ನು ತಿರುಗಿಸುವುದಿಲ್ಲ. ಒಂದೇ ಬದಿಗಿದ್ದರೆ ನಿಧಾನಕ್ಕೆ ತಿರುಗಿಸುತ್ತಾ ಹೋಗುತ್ತದೆ. ಹಾಗೆ ತಿರುಗದಂತೆ ತಡೆಯಲು ಒಳಗೆ ರಿಯಾಕ್ಷನ್ ವೀಲ್‌ಗಳಿರುತ್ತವೆ. ಬಿಸಿಲು ಒಂದು ಕಡೆ ತಿರುಗಿಸಲು ನೋಡಿದರೆ, ಚಕ್ರದ ವೇಗ ಬದಲಾಗಿ ಅದನ್ನು ತಾನೇ ನುಂಗಿಕೊಳ್ಳುತ್ತದೆ. ದಿನ ಕಳೆದಂತೆ ಚಕ್ರದ ವೇಗ ಏರುತ್ತಾ ಹೋಗುತ್ತದೆ, ಅದಕ್ಕೂ ಒಂದು ಮಿತಿ ಇದೆ. ಮಿತಿ ಮುಟ್ಟುವ ಮೊದಲು ಸಣ್ಣ ಥ್ರಸ್ಟರ್‌ಗಳನ್ನು ಒಂದಿಷ್ಟು ಹೊತ್ತು ಉರಿಸಿ ಚಕ್ರವನ್ನು ನಿಧಾನ ಮಾಡಬೇಕು.

ತೊಂದರೆ ಇರುವುದು ಇಲ್ಲೇ. ಥ್ರಸ್ಟರ್ ಉರಿದಾಗ ಚಕ್ರ ನಿಧಾನವಾಗುವುದರ ಜೊತೆಗೆ ನೌಕೆಯ ಹಾದಿಯೂ ಕೂದಲೆಳೆಯಷ್ಟು ಬದಲಾಗುತ್ತದೆ. ಪ್ರತಿ ಸಲ ಎಷ್ಟು ಬದಲಾಯಿತು ಅನ್ನುವುದನ್ನು ಹಾದಿಯ ಲೆಕ್ಕಕ್ಕೆ ಸೇರಿಸಬೇಕು. ಇದಕ್ಕೂ ಮೊದಲಿನ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಗೆ ಪ್ಯಾನೆಲ್ ಎರಡೂ ಬದಿಗೆ ಸಮವಾಗಿತ್ತು, ಹಾಗಾಗಿ ಈ ಕೆಲಸ ಅಪರೂಪಕ್ಕೆ ಬೀಳುತ್ತಿತ್ತು. ಇಲ್ಲಿ ನ್ಯಾವಿಗೇಷನ್ ತಂಡ ಅಂದಾಜು ಮಾಡಿದ್ದಕ್ಕಿಂತ 10ರಿಂದ 14 ಪಟ್ಟು ಜಾಸ್ತಿ ಸಲ ಥ್ರಸ್ಟರ್ ಉರಿಸಬೇಕಾಯಿತು.

ಪ್ರತಿ ಸಲ ಉರಿದ ಮೇಲೆ ಮಾಹಿತಿ ಭೂಮಿಗೆ ಬರುತ್ತಿತ್ತು. ಭೂಮಿಯಲ್ಲಿ "ಎಸ್‌ಎಂ ಫೋರ್ಸಸ್" ಅನ್ನುವ ಪ್ರೋಗ್ರಾಂ ಅದನ್ನು ಓದಿ, ಥ್ರಸ್ಟರ್ ಕೊಟ್ಟ ಇಂಪಲ್ಸ್ ಎಷ್ಟು ಅಂತ ಲೆಕ್ಕ ಹಾಕಿ, ಒಂದು ಫೈಲ್‌ಗೆ ಬರೆಯುತ್ತಿತ್ತು. ಇಂಪಲ್ಸ್ ಅಂದರೆ ಬಲವನ್ನು ಅದು ಇದ್ದ ಸಮಯದಿಂದ ಗುಣಿಸಿದ್ದು. ಆ ಫೈಲ್‌ಗೆ ಎಎಂಡಿ ಫೈಲ್ ಅಂತ ಹೆಸರು. ಜೆಪಿಎಲ್‌ನ ನ್ಯಾವಿಗೇಷನ್ ಪ್ರೋಗ್ರಾಂ ಆ ಫೈಲ್ ಓದಿ ಹಾದಿಯನ್ನು ತಿದ್ದಿಕೊಳ್ಳುತ್ತಿತ್ತು.

ಎರಡು ಪ್ರೋಗ್ರಾಂಗಳ ನಡುವೆ ಒಂದು ಲಿಖಿತ ಒಪ್ಪಂದ ಇತ್ತು. ಫೈಲ್‌ನಲ್ಲಿ ಇಂಪಲ್ಸ್ ನ್ಯೂಟನ್-ಸೆಕೆಂಡ್‌ನಲ್ಲಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಎಸ್‌ಎಂ ಫೋರ್ಸಸ್ ಬರೆದದ್ದು ಪೌಂಡ್-ಸೆಕೆಂಡ್‌ನಲ್ಲಿ. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಹಾಗಾಗಿ ಪ್ರತಿಯೊಂದು ತಳ್ಳಾಟವೂ ಇದ್ದದ್ದಕ್ಕಿಂತ 4.45 ಪಟ್ಟು ಕಡಿಮೆ ಅಂತ ಲೆಕ್ಕಕ್ಕೆ ಬಂತು.

ಇದರ ಗಾತ್ರ ಗೊತ್ತಾಗಲಿ ಅಂತ ಒಂದು ಒರಟು ಲೆಕ್ಕ ಹಾಕೋಣ. ನೌಕೆಯ ತೂಕ 600 ಕಿಲೋ ಅಂತ ಇಟ್ಟುಕೊಳ್ಳಿ, ನಿಜವಾದದ್ದೂ ಅದರ ಆಸುಪಾಸಿನಲ್ಲೇ ಇತ್ತು. ಒಂದು ಸಲ ಥ್ರಸ್ಟರ್ ಉರಿದು 1 ಪೌಂಡ್-ಸೆಕೆಂಡ್ ಇಂಪಲ್ಸ್ ಕೊಟ್ಟಿತು ಅನ್ನಿ. ನಿಜದಲ್ಲಿ ವೇಗ ಬದಲಾಗುವುದು ಸೆಕೆಂಡಿಗೆ 7.4 ಮಿಲಿಮೀಟರ್. ಅದನ್ನು 1 ನ್ಯೂಟನ್-ಸೆಕೆಂಡ್ ಅಂದುಕೊಂಡರೆ ಲೆಕ್ಕಕ್ಕೆ ಸಿಗುವುದು 1.7 ಮಿಲಿಮೀಟರ್. ವ್ಯತ್ಯಾಸ 5.7 ಮಿಲಿಮೀಟರ್. ಇರುವೆ ನಡೆಯುವ ವೇಗದಷ್ಟೂ ಇಲ್ಲ. ಆದರೆ ಗುರುತ್ವವನ್ನೆಲ್ಲ ಬದಿಗಿಟ್ಟು ಸುಮ್ನೆ ನೇರ ಗೆರೆಯಲ್ಲಿ ಗುಣಿಸಿದರೂ, ಒಂದು ತಿಂಗಳಲ್ಲಿ ಅದು 15 ಕಿ.ಮೀ. ಹತ್ತಿರ ಆಗುತ್ತದೆ. ಒಂದು ಸಲದ್ದು. ಹೀಗೆ ಮತ್ತೆ ಮತ್ತೆ, ಒಂಬತ್ತು ತಿಂಗಳು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಓಡಾಡುತ್ತದೆ. ಪೌಂಡ್‌ನಲ್ಲಿ ಕೊಟ್ಟ ಆಜ್ಞೆಯನ್ನು ನೌಕೆ ನ್ಯೂಟನ್ ಅಂತ ತಿಳಿದು ಪಾಲಿಸಿತು ಅಂತ. ಹಾಗಲ್ಲ. ನೌಕೆಯ ಒಳಗಿನ ಸಾಫ್ಟ್‌ವೇರ್ ಸರಿಯಾಗಿಯೇ ಇತ್ತು. ತಪ್ಪಿದ್ದು ಭೂಮಿಯಲ್ಲಿ, ಆಗಿಹೋದ ಘಟನೆಗಳ ಲೆಕ್ಕ ಬರೆಯುವ ಪ್ರೋಗ್ರಾಂನಲ್ಲಿ. ನೌಕೆ ಎಲ್ಲಿದೆ ಅನ್ನುವ ಅಂದಾಜು ತಪ್ಪಿತ್ತು, ಆ ತಪ್ಪು ಅಂದಾಜಿನ ಮೇಲೆ ಹಾದಿಯ ತಿದ್ದುಪಡಿಗಳನ್ನು ಮಾಡಿದರು.

4.45 ಎಲ್ಲಿ ಹೋಯಿತು

ಎಸ್‌ಎಂ ಫೋರ್ಸಸ್ ಹೊಸದಾಗಿ ಬರೆದ ಪ್ರೋಗ್ರಾಂ ಅಲ್ಲ. ಮಾರ್ಸ್ ಗ್ಲೋಬಲ್ ಸರ್ವೇಯರ್‌ಗೆ ಬರೆದಿದ್ದ ಕೋಡ್ ಈ ತಂಡಕ್ಕೆ ಬಳುವಳಿಯಾಗಿ ಬಂದಿತ್ತು. ಆ ಹಳೆಯ ಕೋಡ್‌ನಲ್ಲಿ ಪೌಂಡ್‌ನಿಂದ ನ್ಯೂಟನ್‌ಗೆ ಬದಲಿಸುವ ಗುಣಕ ಇತ್ತು, ಸರಿಯಾಗಿಯೂ ಇತ್ತು. ಆದರೆ ಅದು ಥ್ರಸ್ಟರ್‌ನ ಸೂತ್ರದ ಹೊಟ್ಟೆಯೊಳಗೆ ಬೆರೆತು ಹೋಗಿತ್ತು. ನೋಡಿದ ತಕ್ಷಣ "ಓ, ಇದು ಯೂನಿಟ್ ಬದಲಿಸುವ ಗುಣಕ" ಅಂತ ಗೊತ್ತಾಗುವ ಹಾಗಿರಲಿಲ್ಲ. ಕಣ್ಣಿಗೆ ಬೀಳುವಂಥ ಕಾಮೆಂಟೂ ಇರಲಿಲ್ಲ. ಹೊಸ ನೌಕೆಗೆ ಬೇರೆ ಥ್ರಸ್ಟರ್. ಹಳೆಯ ಸೂತ್ರ ತೆಗೆದು ಹೊಸ ಸೂತ್ರ ಹಾಕಿದರು. ಹಳೆಯ ಸೂತ್ರದ ಜೊತೆಗೆ 4.45 ಕೂಡ ಹೋಯಿತು. ಇದನ್ನು ಆಮೇಲೆ ನೌಕೆ ಕಟ್ಟಿದ ಎಂಜಿನಿಯರ್‌ಗಳೇ ಬರೆದು ದಾಖಲಿಸಿದ್ದಾರೆ.

ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ವಿವರ ಇದು. ಯಾರೋ ಪೌಂಡ್ ಪ್ರೇಮಿ ಕೂತು ತಪ್ಪು ಯೂನಿಟ್ ಆರಿಸಿದ್ದಲ್ಲ. ಯೂನಿಟ್ ಅನ್ನುವುದು ಕೋಡ್‌ನಲ್ಲಿ ಯಾವ ರೂಪದಲ್ಲಿತ್ತು ಅಂತ ನೋಡಿ. ಗುಣಾಕಾರದ ನಡುವೆ ಒಂದು ಸಂಖ್ಯೆ, ಅಷ್ಟೇ. ಸೂತ್ರದ ಉಳಿದ ಸಂಖ್ಯೆಗಳಿಗೂ ಅದಕ್ಕೂ ನೋಡಲು ಯಾವ ವ್ಯತ್ಯಾಸವೂ ಇಲ್ಲ. ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಿಸುವ ಕಂಪೈಲರ್‌ಗಂತೂ ಎಲ್ಲವೂ ಒಂದೇ. ಸೂತ್ರಕ್ಕೆ ಹೋಗುವುದು ಫ್ಲೋಟ್, ಅಂದರೆ ಬರಿಯ ದಶಮಾಂಶ ಸಂಖ್ಯೆ. ಹೊರಗೆ ಬರುವುದೂ ಫ್ಲೋಟ್. ಮೊದಲು ನ್ಯೂಟನ್ ಬರುತ್ತಿತ್ತು, ಈಗ ಪೌಂಡ್ ಬರುತ್ತಿದೆ. ಸೂತ್ರ ಬದಲಾದ ದಿನ ಏನೂ ಮುರಿಯಲಿಲ್ಲ, ಯಾವ ಎಚ್ಚರಿಕೆಯೂ ಬರಲಿಲ್ಲ.

ಅಂದರೆ ಯೂನಿಟ್‌ನ ಮಾಹಿತಿ ಇದ್ದದ್ದು ಮೂರು ಕಡೆ: ಒಪ್ಪಂದದ ಕಾಗದದಲ್ಲಿ, ಹಳೆಯ ಸೂತ್ರದೊಳಗೆ, ಹಳೆಯ ತಂಡದವರ ತಲೆಯಲ್ಲಿ. ಕಾಗದವನ್ನು ಕಂಪ್ಯೂಟರ್ ಓದುವುದಿಲ್ಲ. ಸೂತ್ರವನ್ನು ತೆಗೆದುಹಾಕಿದರು. ಹಳೆಯ ತಂಡದವರು ಈ ಕೋಡ್ ತಿದ್ದಲಿಲ್ಲ. ಸಂಖ್ಯೆಯ ಜೊತೆ ಮಾತ್ರ ಅದು ಎಲ್ಲೂ ಇರಲಿಲ್ಲ.

ಏಪ್ರಿಲ್‌ನಲ್ಲೇ ವಾಸನೆ ಬಡಿದಿತ್ತು

ಮೊದಲ ನಾಲ್ಕು ತಿಂಗಳು ಎಎಂಡಿ ಫೈಲ್‌ಗಳನ್ನು ಬಳಸಲು ಆಗಲೇ ಇಲ್ಲ. ಫೈಲ್‌ನ ಫಾರ್ಮ್ಯಾಟ್‌ನಲ್ಲೇ ತಪ್ಪುಗಳಿದ್ದವು, ನೌಕೆ ಯಾವ ಕಡೆ ಮುಖ ಮಾಡಿದೆ ಅನ್ನುವ ವಿವರವೂ ತಪ್ಪಿತ್ತು. ಅಷ್ಟು ದಿನ ಥ್ರಸ್ಟರ್ ಉರಿದಾಗಲೆಲ್ಲ ಡೆನ್ವರ್‌ನಿಂದ ಇಮೇಲ್ ಬರುತ್ತಿತ್ತು. ಜೆಪಿಎಲ್‌ನವರು ಅದರಲ್ಲಿನ ಸಮಯ ನೋಡಿಕೊಂಡು ತಾವೇ ಅಂದಾಜು ಹಾಕುತ್ತಿದ್ದರು. ಹೀಗೂ ನಡೆಯುತ್ತದೆ ಅಂತ ಆಶ್ಚರ್ಯ ಪಡಬೇಡಿ, ಯಾವ ಪ್ರಾಜೆಕ್ಟ್‌ನಲ್ಲಿ ನಡೆಯಲ್ಲ ಹೇಳಿ.

1999ರ ಏಪ್ರಿಲ್‌ನಲ್ಲಿ ಫೈಲ್ ಸರಿಯಾಯಿತು. ಬಳಸಲು ಶುರು ಮಾಡಿದ ಒಂದು ವಾರದೊಳಗೇ ನ್ಯಾವಿಗೇಷನ್ ತಂಡಕ್ಕೆ ಅನುಮಾನ ಬಂತು. ಫೈಲ್ ಹೇಳುವ ತಳ್ಳಾಟ ನಿಜಕ್ಕಿಂತ ಕಡಿಮೆ ಇದ್ದ ಹಾಗೆ ಕಾಣುತ್ತಿತ್ತು. ಖಚಿತ ಮಾಡಿಕೊಳ್ಳುವುದು ಸುಲಭವಿರಲಿಲ್ಲ. ಭೂಮಿಯಿಂದ ನೌಕೆಯ ವೇಗ ಅಳೆಯುವುದು ರೇಡಿಯೋ ಅಲೆಯ ಡಾಪ್ಲರ್ ಬದಲಾವಣೆಯಿಂದ. ಭೂಮಿಯ ಕಡೆಗೆ ಅಥವಾ ಭೂಮಿಯಿಂದ ದೂರಕ್ಕೆ ಇರುವ ವೇಗ ಮಾತ್ರ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಈ ಥ್ರಸ್ಟರ್‌ಗಳು ತಳ್ಳುತ್ತಿದ್ದದ್ದು ಹೆಚ್ಚಾಗಿ ಅಡ್ಡಕ್ಕೆ. ನೋಡಲು ಆಗುವ ದಿಕ್ಕಿನಲ್ಲಿ ತಪ್ಪು ಇಲ್ಲ, ತಪ್ಪು ಇರುವ ದಿಕ್ಕಿನಲ್ಲಿ ನೋಡಲು ಆಗಲ್ಲ.

ಅನುಮಾನ ಬಾಯಿಮಾತಿನಲ್ಲೇ ಉಳಿಯಿತು. ಇಂಥದ್ದನ್ನು ದಾಖಲಿಸಲು ಒಂದು ಫಾರ್ಮ್ ಇತ್ತು, ಅದನ್ನು ತುಂಬಿ ಯಾರೂ ಬೆನ್ನುಹತ್ತಲಿಲ್ಲ. ಅದೇ ತಂಡ ಒಟ್ಟಿಗೆ ಮೂರು ಮಂಗಳ ಯಾತ್ರೆಗಳನ್ನು ನೋಡಿಕೊಳ್ಳುತ್ತಿತ್ತು. "ಬೇಗ, ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ" ಅನ್ನುವುದು ಆಗಿನ ನಾಸಾದ ಘೋಷಣೆ. ಎರಡು ನೌಕೆಗಳಿಗೂ, ಅಂದರೆ ಈ ಆರ್ಬಿಟರ್‌ಗೆ ಮತ್ತು ಅದರ ಹಿಂದೆಯೇ ಹೊರಟ ಮಾರ್ಸ್ ಪೋಲಾರ್ ಲ್ಯಾಂಡರ್‌ಗೆ ಸೇರಿ ಆದ ಖರ್ಚು 32.76 ಕೋಟಿ ಡಾಲರ್.

ಕೊನೆಯ ವಾರದ ಅಂಕಿಗಳನ್ನು ಓದಿದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಮಂಗಳನ ಹತ್ತಿರ ಮೊದಲ ಸಲ ಹಾದುಹೋಗುವಾಗ ನೌಕೆ ಮೇಲ್ಮೈಯಿಂದ 226 ಕಿ.ಮೀ. ಎತ್ತರದಲ್ಲಿರಲಿ ಅಂತ ಸೆಪ್ಟೆಂಬರ್ 15ರಂದು ಹಾದಿ ತಿದ್ದಿದರು. ಆಮೇಲಿನ ದಿನಗಳಲ್ಲಿ ಅಂದಾಜು 150ರಿಂದ 170ಕ್ಕೆ ಇಳಿಯಿತು. ಕಕ್ಷೆಗೆ ಸೇರುವ ಹಿಂದಿನ ದಿನ 110 ಕಿ.ಮೀ. ಅಂತ ಬಂತು. ನೌಕೆ ಬದುಕಿ ಉಳಿಯಲು ಬೇಕಾದ ಕನಿಷ್ಠ ಎತ್ತರ 80 ಕಿ.ಮೀ. ಇನ್ನೊಂದು ತಿದ್ದುಪಡಿಗೆ ಅವಕಾಶ ಇತ್ತು, ಚರ್ಚೆಯೂ ಆಯಿತು, ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ಸರಿಯಾದ ಯೂನಿಟ್ ಹಾಕಿ ಲೆಕ್ಕ ಮಾಡಿದಾಗ ಸಿಕ್ಕ ಎತ್ತರ 57 ಕಿ.ಮೀ.

ತನಿಖಾ ಮಂಡಳಿಗೆ ಮಾರ್ಷಲ್ ಸ್ಪೇಸ್ ಫ್ಲೈಟ್ ಸೆಂಟರ್‌ನ ನಿರ್ದೇಶಕ ಆರ್ಥರ್ ಸ್ಟೀಫನ್ಸನ್ ಮುಖ್ಯಸ್ಥರು. ನವೆಂಬರ್ 10ಕ್ಕೆ ಮೊದಲ ವರದಿ ಬಂತು. ಮೂಲ ಕಾರಣ ಯೂನಿಟ್ ತಪ್ಪು ಅಂತ ಬರೆದು, ಅದರ ಕೆಳಗೆ ಎಂಟು ಪೂರಕ ಕಾರಣಗಳನ್ನು ಕೊಟ್ಟಿದ್ದಾರೆ. ನಾಸಾದ ಬಾಹ್ಯಾಕಾಶ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಎಡ್ವರ್ಡ್ ವೈಲರ್ ಹೇಳಿದ್ದೂ ಅದನ್ನೇ: ಮನುಷ್ಯರು ತಪ್ಪು ಮಾಡುತ್ತಾರೆ, ಆ ತಪ್ಪನ್ನು ಹಿಡಿಯಬೇಕಾದ ವ್ಯವಸ್ಥೆ ಹಿಡಿಯಲಿಲ್ಲ. ಒಪ್ಪುವ ಮಾತೇ. ಆದರೆ ಮ್ಯಾನೇಜ್‌ಮೆಂಟ್ ಪಾಠಗಳ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ನಾನು ಮತ್ತೆ ಆ ಫ್ಲೋಟ್ ಕಡೆಗೆ ಬರುತ್ತೇನೆ.

ಟೈಪ್ ಇದ್ದಿದ್ದರೆ ಸಿಕ್ಕಿಬೀಳುತ್ತಿತ್ತಾ?

ಟೈಪ್ ಅಂದರೆ ಒಂದು ಮೌಲ್ಯ ಯಾವ ಬಗೆಯದು ಅಂತ ಕೋಡ್‌ನಲ್ಲೇ ಹೇಳುವ ಗುರುತು. ಅದರ ಮೂಲಕ ಸಂಖ್ಯೆಗೆ ಯೂನಿಟ್ ಅಂಟಿಸುವ ವಿಚಾರ ಆಗ ಹೊಸದೇನಲ್ಲ. ಜಾನ್ ಬಾರ್ಟನ್ ಮತ್ತು ಲೀ ನ್ಯಾಕ್‌ಮನ್ 1994ರಲ್ಲೇ ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್‌ಗಳಿಂದ ಇದನ್ನು ಮಾಡುವ ದಾರಿ ತೋರಿಸಿದ್ದರು. ಆಂಡ್ರ್ಯೂ ಕೆನಡಿ ಕೇಂಬ್ರಿಜ್‌ನಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಅವರ ಕೆಲಸವೇ ಮುಂದೆ ಎಫ್ ಶಾರ್ಪ್ ಭಾಷೆಯೊಳಗೆ ಸೇರಿತು. ನೌಕೆ ಹಾರುವ ಮೊದಲೇ ವಿದ್ಯೆ ಇತ್ತು, ದಿನನಿತ್ಯದ ಸಾಧನವಾಗಿ ಮಾತ್ರ ಕೈಗೆ ಬಂದಿರಲಿಲ್ಲ.

ಬಹಳ ಜನ ಇಲ್ಲಿ ಒಂದು ಸೂಕ್ಷ್ಮ ತಪ್ಪಿಸಿಕೊಳ್ಳುತ್ತಾರೆ. ಭೌತಶಾಸ್ತ್ರದ ಮೇಷ್ಟ್ರು ಹೇಳಿಕೊಡುವುದು ಆಯಾಮದ ಪರೀಕ್ಷೆ. ಸಮೀಕರಣದ ಎರಡೂ ಬದಿಯಲ್ಲಿ ದ್ರವ್ಯರಾಶಿ, ಉದ್ದ, ಸಮಯದ ಘಾತಗಳು ಹೊಂದಬೇಕು. ಇಂಪಲ್ಸ್‌ಗೆ ದ್ರವ್ಯರಾಶಿಯ ಘಾತ 1, ಉದ್ದದ್ದು 1, ಸಮಯದ್ದು ಮೈನಸ್ 1. ಈ ಮೂರು ಘಾತಗಳನ್ನು ಟೈಪ್‌ನೊಳಗೆ ಇಟ್ಟರೆ, ಮೀಟರಿಗೆ ಸೆಕೆಂಡ್ ಕೂಡಿಸುವಂಥ ತಪ್ಪುಗಳು ಕಂಪೈಲ್ ಆಗುವುದಿಲ್ಲ. ಚೆನ್ನಾಗಿದೆ ಅಲ್ವಾ? ಆದರೆ ಪೌಂಡ್-ಸೆಕೆಂಡ್‌ನ ಘಾತಗಳೂ 1, 1, ಮೈನಸ್ 1. ಆಯಾಮ ಮಾತ್ರ ನೋಡುವ ಟೈಪ್ ಈ ಪ್ರಕರಣದಲ್ಲಿ ಎಲ್ಲ ಸರಿಯಾಗಿದೆ ಅಂತ ಹೇಳಿ ಕಳಿಸುತ್ತಿತ್ತು. ಟೈಪ್‌ಗೆ ಗೊತ್ತಿರಬೇಕಾದದ್ದು ಯೂನಿಟ್.

ಎಫ್ ಶಾರ್ಪ್ ಇಲ್ಲಿ ಸರಿಯಾಗಿ ನಡೆದುಕೊಳ್ಳುತ್ತದೆ. ಅದರಲ್ಲಿ ನ್ಯೂಟನ್ ಒಂದು ಯೂನಿಟ್, ಪೌಂಡ್-ಫೋರ್ಸ್ ಇನ್ನೊಂದು ಯೂನಿಟ್ ಅಂತ ಘೋಷಿಸುತ್ತೀರಿ. ಭಾಷೆಗೆ ಅವೆರಡೂ ಒಂದೇ ಆಯಾಮದವು ಅಂತ ಗೊತ್ತೇ ಇಲ್ಲ, ಮೀಟರು ಸೆಕೆಂಡಿನಷ್ಟೇ ಬೇರೆ ಬೇರೆ. ಬದಲಿಸಬೇಕಾದರೆ ನೀವೇ ಒಂದು ಗುಣಕ ಬರೆಯಬೇಕು, ಆ ಗುಣಕಕ್ಕೂ ಒಂದು ಟೈಪ್ ಇರುತ್ತದೆ: ಒಂದು ಪೌಂಡ್-ಫೋರ್ಸ್‌ಗೆ ಇಷ್ಟು ನ್ಯೂಟನ್. ಪೌಂಡ್-ಸೆಕೆಂಡನ್ನು ಅದರಿಂದ ಗುಣಿಸಿದರೆ ಪೌಂಡ್ ಹೊಡೆದುಹೋಗಿ ನ್ಯೂಟನ್-ಸೆಕೆಂಡ್ ಉಳಿಯುತ್ತದೆ.

ಈಗ ಎಸ್‌ಎಂ ಫೋರ್ಸಸ್‌ನಲ್ಲಿ ನಡೆದದ್ದನ್ನು ಇಲ್ಲಿಟ್ಟು ನೋಡಿ. ಫಂಕ್ಷನ್ ಕೊಡಬೇಕಾದದ್ದು ನ್ಯೂಟನ್-ಸೆಕೆಂಡ್ ಅಂತ ಟೈಪ್‌ನಲ್ಲಿ ಬರೆದಿದೆ. ಯಾರೋ ಹಳೆಯ ಸೂತ್ರ ತೆಗೆದರು, ಜೊತೆಗೆ ಗುಣಕವೂ ಹೋಯಿತು. ಹೊಸ ಸೂತ್ರದ ಫಲ ಪೌಂಡ್-ಸೆಕೆಂಡ್. ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಆ ಗುಣಕ ಸೂತ್ರದಲ್ಲಿ ಎಷ್ಟೇ ಒಳಗೆ ಹೂತಿದ್ದರೂ, ಅದನ್ನು ತೆಗೆದ ದಿನವೇ ಗೊತ್ತಾಗುತ್ತಿತ್ತು. ಕಾಮೆಂಟ್ ಇಲ್ಲದಿದ್ದರೂ ಪರವಾಗಿಲ್ಲ, ಟೈಪ್ ತಾನೇ ಕಾಮೆಂಟ್ ಆಗುತ್ತಿತ್ತು.

ಆದರೆ ಒಂದು ಷರತ್ತು. ಥ್ರಸ್ಟರ್‌ನ ಬಲ ಎಷ್ಟು ಅನ್ನುವ ಮೂಲ ಅಂಕಿ ಯಾವುದೋ ಟೇಬಲ್‌ನಿಂದ ಬರುತ್ತದೆ. ಅದನ್ನು ಕೋಡ್‌ಗೆ ಸೇರಿಸುವಾಗ ಒಬ್ಬ ಮನುಷ್ಯ "ಇದು ಪೌಂಡ್-ಫೋರ್ಸ್" ಅಂತ ಬರೆಯಬೇಕು. ಅವನು ಅಲ್ಲೇ "ನ್ಯೂಟನ್" ಅಂತ ತಪ್ಪಾಗಿ ಬರೆದರೆ ಕಂಪೈಲರ್ ನಂಬಿಕೊಂಡು ಹೋಗುತ್ತದೆ. ಆದರೂ ಲಾಭ ಸಣ್ಣದಲ್ಲ. ಸಾವಿರ ಸಾಲುಗಳಲ್ಲಿ ಎಲ್ಲಿ ಬೇಕಾದರೂ ಇರಬಹುದಾದ ತಪ್ಪು ಈಗ ಒಳಬರುವ ನಾಲ್ಕಾರು ಜಾಗಗಳಲ್ಲಿ ಮಾತ್ರ ಇರಬಹುದು. ಅಷ್ಟನ್ನು ಇಬ್ಬರು ಕೂತು ಓದಿ ನೋಡಬಹುದು.

ಎಲ್ಲ "ಯೂನಿಟ್ ಟೈಪ್"ಗಳೂ ಇಷ್ಟು ಗಟ್ಟಿ ಇಲ್ಲ. ಗೋ ಭಾಷೆಯ ಸಮಯದ ಟೈಪ್ ನೋಡಿ. ಒಳಗೆ ಅದು ನ್ಯಾನೊಸೆಕೆಂಡ್‌ಗಳ ಒಂದು ಪೂರ್ಣಾಂಕ. ಸ್ಲೀಪ್ ಫಂಕ್ಷನ್‌ಗೆ ಸುಮ್ನೆ 10 ಅಂತ ಕೊಟ್ಟರೆ ಕಂಪೈಲ್ ಆಗುತ್ತದೆ, ಆದರೆ ಮಲಗುವುದು 10 ಸೆಕೆಂಡ್ ಅಲ್ಲ, 10 ನ್ಯಾನೊಸೆಕೆಂಡ್. ಸೆಕೆಂಡನ್ನು ಸೆಕೆಂಡಿನಿಂದ ಗುಣಿಸಿದರೂ ಅದು ಮತ್ತೆ ಸಮಯ ಅಂತಲೇ ಕೊಡುತ್ತದೆ, ಅರ್ಥವಿಲ್ಲದ ಒಂದು ದೊಡ್ಡ ಸಂಖ್ಯೆ. ಸಿ ಪ್ಲಸ್ ಪ್ಲಸ್‌ನ ಸಮಯದ ಲೈಬ್ರರಿ ಕ್ರೋನೋ ಇದಕ್ಕಿಂತ ಕಟ್ಟುನಿಟ್ಟು. ಸೆಕೆಂಡಿನಿಂದ ಮಿಲಿಸೆಕೆಂಡಿಗೆ ತಾನಾಗಿಯೇ ಬದಲಿಸುತ್ತದೆ. ಪೂರ್ಣಾಂಕದ ಮಿಲಿಸೆಕೆಂಡನ್ನು ಸೆಕೆಂಡಿಗೆ ಬದಲಿಸಬೇಕಾದರೆ ಬಾಯಿಬಿಟ್ಟು ಕೇಳಬೇಕು, ಯಾಕಂದರೆ ಅಲ್ಲಿ ಚೂರು ಕಳೆದುಹೋಗಬಹುದು. ಬರಿಯ ಸಂಖ್ಯೆಯನ್ನು ಸಮಯ ಅಂತ ಸದ್ದಿಲ್ಲದೆ ಒಪ್ಪಿಕೊಳ್ಳುವುದೂ ಇಲ್ಲ. ಪೈಥಾನ್‌ನ ಪಿಂಟ್ ಮತ್ತು ಆಸ್ಟ್ರೋಪೈ ಲೈಬ್ರರಿಗಳಲ್ಲಿ ಯೂನಿಟ್ ಮೌಲ್ಯದ ಜೊತೆಗೇ ಓಡಾಡುತ್ತದೆ, ಪರೀಕ್ಷೆ ಆಗುವುದು ಪ್ರೋಗ್ರಾಂ ಓಡುವಾಗ. ಒಂದೊಂದು ಸಂಖ್ಯೆಗೂ ಒಂದೊಂದು ಯೂನಿಟ್ ಹೊರಿಸಿದರೆ ನಿಧಾನವಾಗುತ್ತದೆ, ಇಡೀ ಅರೇಗೆ, ಅಂದರೆ ಸಂಖ್ಯೆಗಳ ಸಾಲಿಗೆ, ಒಂದೇ ಯೂನಿಟ್ ಕೊಟ್ಟರೆ ಅಷ್ಟು ಹೊರೆ ಅನ್ನಿಸುವುದಿಲ್ಲ.

ಯೂನಿಟ್ ಹಾಕಿದರೂ ಹಿಡಿಯಲಾಗದ ತಪ್ಪುಗಳು ಉಳಿಯುತ್ತವೆ. ತಿರುಚುವ ಬಲಕ್ಕೂ ಶಕ್ತಿಗೂ ಯೂನಿಟ್ ಒಂದೇ, ನ್ಯೂಟನ್-ಮೀಟರ್. ಎರಡನ್ನು ಕೂಡಿಸಿದರೆ ಟೈಪ್ ಸುಮ್ಮನಿರುತ್ತದೆ. ಉಷ್ಣತೆಯಲ್ಲಿ 20 ಡಿಗ್ರಿ ಅನ್ನುವ ಬಿಂದು ಬೇರೆ, 20 ಡಿಗ್ರಿಯ ವ್ಯತ್ಯಾಸ ಬೇರೆ. ಇವಕ್ಕೆ ಯೂನಿಟ್ ಸಾಲದು, ಆ ಪರಿಮಾಣ ಏನು ಅನ್ನುವುದಕ್ಕೇ ಬೇರೆ ಟೈಪ್ ಬೇಕು.

ಈ ಕಾಯಿಲೆ ನಮ್ಮ ಮನೆಯಲ್ಲೂ ಇದೆ. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಎಕರೆ-ಗುಂಟೆ-ಆಣೆಯಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಜನ 1 ಎಕರೆ 30 ಗುಂಟೆಯನ್ನು ಸಲೀಸಾಗಿ 1.30 ಅಂತ ಬರೆಯುತ್ತಾರೆ. ಎಕ್ಸೆಲ್‌ನಲ್ಲಿ ಅಂಥ ಎರಡು ತುಂಡುಗಳನ್ನು ಕೂಡಿಸಿದರೆ 2.60 ಬರುತ್ತದೆ. ಸರಿಯಾದ ಉತ್ತರ 3 ಎಕರೆ 20 ಗುಂಟೆ. ಎರಡೂವರೆ ಎಕರೆಯನ್ನು 2.5 ಅಂತ ಒಬ್ಬ ಬರೆದರೆ ಇನ್ನೊಬ್ಬ ಅದನ್ನು 2 ಎಕರೆ 5 ಗುಂಟೆ ಅಂತ ಓದಬಹುದು, ಹದಿನೈದು ಗುಂಟೆ ಮಾಯ. ಇದಕ್ಕೆ ಫ್ಲೋಟ್ ಬಳಸುವುದೇ ತಪ್ಪು. ಒಳಗೆ ಎಲ್ಲವನ್ನೂ ಆಣೆಯ ಪೂರ್ಣಾಂಕವಾಗಿ ಇಡಿ, ಎಕರೆಗೆ 640. ತೋರಿಸುವಾಗ ಮಾತ್ರ ಎಕರೆ-ಗುಂಟೆಗೆ ಬದಲಿಸಿ.

ಫೈಲ್ ಅನ್ನುವ ಗಡಿ

ಇಷ್ಟೆಲ್ಲ ಹೇಳಿದ ಮೇಲೂ ಟೈಪ್ ಒಂದೇ ಇದ್ದರೆ ಸಾಕಿತ್ತು ಅಂತ ನಾನು ಹೇಳಲಾರೆ. ಎಸ್‌ಎಂ ಫೋರ್ಸಸ್ ಮತ್ತು ನ್ಯಾವಿಗೇಷನ್ ಪ್ರೋಗ್ರಾಂ ಒಂದೇ ಪ್ರೋಗ್ರಾಂ ಅಲ್ಲ. ಎರಡು ಊರು, ಎರಡು ಸಂಸ್ಥೆ, ನಡುವೆ ಒಂದು ಫೈಲ್. ಎಫ್ ಶಾರ್ಪ್‌ನಂಥ ಭಾಷೆಯಲ್ಲೂ ಕಂಪೈಲ್ ಆದ ಮೇಲೆ ಯೂನಿಟ್ ಅಳಿಸಿಹೋಗುತ್ತದೆ. ಅದರಿಂದಲೇ ವೇಗಕ್ಕೆ ಏಟು ಬೀಳುವುದಿಲ್ಲ. ಆದರೆ ಫೈಲ್‌ಗೆ ಬರೆದಾಗ ಹೋಗುವುದು ಬರಿಯ ಅಂಕಿ. ಓದುವವನು ಮತ್ತೆ ತನಗೆ ತೋಚಿದ ಯೂನಿಟ್ ಅಂಟಿಸುತ್ತಾನೆ. ಎರಡೂ ಕಡೆ ಅತ್ಯುತ್ತಮ ಟೈಪ್‌ಗಳಿದ್ದು, ಬರೆಯುವ ಕಡೆಯ ಫಂಕ್ಷನ್‌ಗೆ "ಪೌಂಡ್-ಸೆಕೆಂಡ್" ಅಂತ ಟೈಪ್ ಕೊಟ್ಟಿದ್ದರೆ, ಎರಡೂ ಪ್ರೋಗ್ರಾಂ ತಮ್ಮ ತಮ್ಮ ಪಾಲಿಗೆ ಸರಿ ಇದ್ದು ನೌಕೆ ಮಾತ್ರ ಹೋಗುತ್ತಿತ್ತು.

ಆದ್ದರಿಂದ ಯೂನಿಟ್ ಇರಬೇಕಾದ ಮೊದಲ ಜಾಗ ಆ ಫೈಲ್ ಅನ್ನುವುದು ನನ್ನ ಅಭಿಪ್ರಾಯ. ಟೈಪ್ ಆಮೇಲೆ. ದುಡ್ಡು, ಸಮಯ ಕಡಿಮೆ ಇದ್ದು ಒಂದೇ ಕಡೆ ಕೆಲಸ ಮಾಡಬಹುದು ಅಂದರೆ ನಾನು ಗಡಿಯನ್ನೇ ಆರಿಸಿಕೊಳ್ಳುತ್ತೇನೆ.

ಇದನ್ನು ಮೊದಲೇ ಅರ್ಥ ಮಾಡಿಕೊಂಡ ಕ್ಷೇತ್ರಗಳಿವೆ. ಹವಾಮಾನದವರು ಬಳಸುವ ನೆಟ್‌ಸಿಡಿಎಫ್ ಫೈಲ್‌ಗಳಲ್ಲಿ ಪ್ರತಿ ವೇರಿಯಬಲ್‌ಗೂ ಯೂನಿಟ್ ಅನ್ನುವ ಒಂದು ಗುಣ ಇರುತ್ತದೆ, ಅದನ್ನು ಪ್ರೋಗ್ರಾಂ ಓದಿ ಅರ್ಥ ಮಾಡಿಕೊಳ್ಳಬಲ್ಲದು. ಖಗೋಳದವರ ಫಿಟ್ಸ್ ಫೈಲ್‌ನ ಹೆಡರ್‌ನಲ್ಲೂ ಅದಕ್ಕೆ ಜಾಗ ಇದೆ. ಆಸ್ಪತ್ರೆಗಳ ನಡುವೆ ಮಾಹಿತಿ ಸಾಗಿಸುವ ಎಫ್‌ಎಚ್‌ಐಆರ್ ಮಾನದಂಡದಲ್ಲಿ ಪರಿಮಾಣ ಅನ್ನುವುದಕ್ಕೇ ಒಂದು ರಚನೆ ಇದೆ. ಮೌಲ್ಯ, ಮನುಷ್ಯ ಓದುವ ಯೂನಿಟ್, ಯಂತ್ರ ಓದುವ ಯೂನಿಟ್ ಸಂಕೇತ, ಆ ಸಂಕೇತ ಯಾವ ಪಟ್ಟಿಯದ್ದು ಅನ್ನುವುದು, ಎಲ್ಲಕ್ಕೂ ಅದರಲ್ಲಿ ಒಂದೊಂದು ಜಾಗ. ಸಾಮಾನ್ಯವಾಗಿ ಆ ಪಟ್ಟಿ ಯುಕಮ್. ಔಷಧಿಯ ಮಿಲಿಗ್ರಾಂ ಮೈಕ್ರೋಗ್ರಾಂ ಅದಲುಬದಲಾದರೆ ಏನಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಎಂಡಿ ಫೈಲ್‌ಗೆ ಇಷ್ಟು ದೊಡ್ಡ ವ್ಯವಸ್ಥೆಯೂ ಬೇಕಿರಲಿಲ್ಲ. ಕಾಲಂನ ತಲೆಯ ಮೇಲೆ ಯೂನಿಟ್‌ನ ಹೆಸರು, ಅದನ್ನು ಓದುವ ಪ್ರೋಗ್ರಾಂನಲ್ಲಿ ಒಂದು ಪರೀಕ್ಷೆ. ತಾನು ನಿರೀಕ್ಷಿಸಿದ ಹೆಸರು ಅಲ್ಲಿಲ್ಲದಿದ್ದರೆ ಫೈಲ್ ಒಪ್ಪಿಕೊಳ್ಳಬಾರದು. ಬರೆಯುವ ಕಡೆ ಆ ಹೆಸರನ್ನು ಕೈಯಲ್ಲಿ ಟೈಪಿಸಬಾರದು, ಲೆಕ್ಕ ಹಾಕಿದ ಮೌಲ್ಯದ ಟೈಪ್‌ನಿಂದಲೇ ಬರಬೇಕು. ಇಲ್ಲದಿದ್ದರೆ ಪೌಂಡ್‌ನ ಅಂಕಿಯ ಮೇಲೆ ನ್ಯೂಟನ್ ಅಂತ ಲೇಬಲ್ ಬರುತ್ತದೆ, ಅದು ಲೇಬಲ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಬದಲಿಸುವ ಗುಣಕ ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಕಡೆ, ಹೆಸರಿಟ್ಟು, ಪೂರ್ತಿ ಬೆಲೆಯಲ್ಲಿ ಇರಲಿ: 4.4482216152605. 4.45 ಅಂತ ಅಲ್ಲಲ್ಲಿ ಬರೆದುಕೊಂಡರೆ ಸಾವಿರಕ್ಕೆ ಅರ್ಧದಷ್ಟು ವ್ಯತ್ಯಾಸ ಬರುತ್ತದೆ. ಒಂದು ಕಡೆ ಮಾತ್ರ ಹೀಗಿದ್ದರೆ ಅದನ್ನು ಹುಡುಕುವುದು ಇನ್ನೂ ಕಷ್ಟ.

ಟೈಪ್ ಇಲ್ಲದ ಹಳೆಯ ಭಾಷೆಯಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನಿ. ಆಗಲೂ ವೇರಿಯಬಲ್ ಹೆಸರಿನ ಬಾಲಕ್ಕೆ ಯೂನಿಟ್ ಕಟ್ಟಬಹುದು. ಬಾಲದಲ್ಲಿ ಪೌಂಡ್ ಇರುವ ಹೆಸರನ್ನು ಬಾಲದಲ್ಲಿ ನ್ಯೂಟನ್ ಇರುವ ಹೆಸರಿಗೆ ಹಾಕುತ್ತಿರುವುದು ಕೋಡ್ ಓದುವವರ ಕಣ್ಣಿಗಾದರೂ ಚುಚ್ಚುತ್ತದೆ. ಕಂಪೈಲರ್ ತಡೆಯುವುದಿಲ್ಲ, ನಿಜ. ಹೊಸ ಥ್ರಸ್ಟರ್ ಸೂತ್ರ ಬರೆದವರಿಗೆ ಇಷ್ಟು ಸುಳಿವೂ ಸಿಕ್ಕಿರಲಿಲ್ಲ.

ಮಂಡಳಿ ತನ್ನ ವರದಿಯಲ್ಲಿ ಇನ್ನೂ ಹಾರಾಟದಲ್ಲಿದ್ದ ಪೋಲಾರ್ ಲ್ಯಾಂಡರ್ ಬಗ್ಗೆಯೂ ಬರೆಯಿತು. ಅದರ ಯೂನಿಟ್‌ಗಳನ್ನೆಲ್ಲ ಪರಿಶೀಲಿಸಿ, ಎರಡು ಸಂಸ್ಥೆಗಳ ನಡುವೆ ಹೋಗುವ ಪ್ರತಿ ಫೈಲ್ ಒಪ್ಪಂದದ ಹಾಗೇ ಇದೆಯಾ ನೋಡಿ ಅಂತ. ಲ್ಯಾಂಡರ್ ಕೂಡ 1999ರ ಡಿಸೆಂಬರ್ 3ರಂದು ಕಳೆದುಹೋಯಿತು. ಕಾಲು ಬಿಚ್ಚಿಕೊಂಡಾಗಿನ ಅದುರಾಟವನ್ನೇ ನೆಲ ಮುಟ್ಟಿದ್ದು ಅಂತ ಸಾಫ್ಟ್‌ವೇರ್ ತಿಳಿದು ಎಂಜಿನ್ ನಿಲ್ಲಿಸಿರಬಹುದು ಅನ್ನುವುದು ಆ ತನಿಖೆಯ ತೀರ್ಮಾನ. ಅಲ್ಲಿ ಯೂನಿಟ್‌ನ ಕೈವಾಡ ಇರಲಿಲ್ಲ.

ಆರ್ಬಿಟರ್‌ನ ವರದಿಯಲ್ಲಿ ಟೆಸ್ಟಿಂಗ್ ಬಗ್ಗೆಯೂ ಒಂದು ಮಾತಿದೆ. ಎಸ್‌ಎಂ ಫೋರ್ಸಸ್ ಒಪ್ಪಂದದ ಪ್ರಕಾರ ನಡೆಯುತ್ತಿದೆಯಾ ಅಂತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪರೀಕ್ಷೆ ಮಾಡಿದ ಹಾಗೆ ಕಾಣುವುದಿಲ್ಲ ಅಂತ. ಆ ಪರೀಕ್ಷೆ ಹೀಗಿರಬಹುದಿತ್ತು: ಒಂದು ಥ್ರಸ್ಟರ್, ಇಷ್ಟು ಸೆಕೆಂಡ್ ಉರಿದಿದೆ. ವೇಗ ಎಷ್ಟು ಬದಲಾಗಬೇಕು ಅಂತ ಕ್ಯಾಲ್ಕುಲೇಟರ್ ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿ. ಅದೇ ಘಟನೆಯನ್ನು ಡೆನ್ವರ್‌ನ ಪ್ರೋಗ್ರಾಂಗೆ ಕೊಡಿ, ಅದು ಬರೆದ ಫೈಲ್‌ಅನ್ನು ಪಸಡೀನಾದ ಪ್ರೋಗ್ರಾಂಗೆ ಕೊಡಿ, ಕೊನೆಗೆ ಬಂದ ವೇಗವನ್ನು ಕಾಗದದ್ದರ ಪಕ್ಕ ಇಡಿ. ಕಾಗದದ ಉತ್ತರ 4.45 ಪಟ್ಟು ದೊಡ್ಡದಾಗಿರುತ್ತಿತ್ತು.